ಕ್ರಿಯಾಪದದ ಕೊನೆಯಕ್ಷರ: ಕನ್ನಡ, ಸ್ಪ್ಯಾನಿಷ್ ಮತ್ತು ಈಡೊ ಭಾಷೆಗಳ ಆಖ್ಯಾತ ವಿಚಾರ

ವಾಕ್ಯಕ್ಕೆ ಕ್ರಿಯಾಪದವೇ ಜೀವಾಳವೆಂಬುದು ವ್ಯಾಕರಣವನ್ನು ಕಲಿತ ಎಲ್ಲರಿಗೂ ತಿಳಿದ ಮಾತು. ನಾಮಪದಗಳು ಒಂದು ನುಡಿಯಿಂದ ಇನ್ನೊಂದು ನುಡಿಗೆ ಅತಿಥಿಗಳಂತೆ ಬಂದು ಸೇರುತ್ತವೆ. ಪೋರ್ಚುಗೀಸರಿಂದ ಬಂದ ಚಾವಿ, ಅನಾನಸು ಮುಂತಾದ ಪದಗಳು ಇಂದು ಕನ್ನಡದ ಮನೆಮಕ್ಕಳೇ ಆಗಿವೆ. ಕ್ರಿಯಾಪದವಾದರೋ ಹಾಗೆ ಬರುವುದಿಲ್ಲ. ಹೊರಗಿನ ಕ್ರಿಯೆಯೊಂದು ಕನ್ನಡಕ್ಕೆ ಬರಬೇಕಾದರೆ ‘ಇಸು’ ಎಂಬ ಪ್ರತ್ಯಯವನ್ನು ತೊಡಬೇಕು, ಇಲ್ಲವೇ ‘ಮಾಡು’ ಧಾತುವಿನ ಕೈ ಹಿಡಿಯಬೇಕು. ರಚಿಸು, ಯೋಚಿಸು ಎಂಬಲ್ಲಿ ಮೊದಲನೆಯ ಕ್ರಮವನ್ನೂ ಫೋನ್ ಮಾಡು ಎಂಬಲ್ಲಿ ಎರಡನೆಯ ಕ್ರಮವನ್ನೂ ಕಾಣಬಹುದು. ಭಾಷೆಯೊಂದರ ನಿಜವಾದ ಸ್ವಭಾವ ಅದರ ಕ್ರಿಯಾಪದದಲ್ಲಿ, ಅದರಲ್ಲಿಯೂ ಕ್ರಿಯಾಪದದ ಕೊನೆಯಕ್ಷರಗಳಲ್ಲಿ ಅಡಗಿದೆ. ಕನ್ನಡದ ಈ ಸಂಪತ್ತನ್ನು ಸ್ಪ್ಯಾನಿಷ್ ಎಂಬ ಜೀವಂತ ಭಾಷೆಯೊಂದಿಗೂ, ಈಡೊ ಎಂಬ ರಚಿತ ಭಾಷೆಯೊಂದಿಗೂ ಹೋಲಿಸಿ, ಅದರಿಂದ ತರಗತಿಗೆ ದೊರೆಯುವ ಪ್ರಯೋಜನವನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

1. ತರಗತಿಯಲ್ಲಿ ಕಾಣುವ ಸಮಸ್ಯೆ

ಬೆಂಗಳೂರಿನ ಉತ್ತರ ಭಾಗದ ಶಾಲೆಗಳಲ್ಲಿ ಒಂದೇ ಬೆಂಚಿನ ಮೇಲೆ ನಾಲ್ಕು ಮನೆಮಾತುಗಳು ಕುಳಿತಿರುವುದು ಸಾಮಾನ್ಯ. ಯಲಹಂಕದಿಂದ ದೊಡ್ಡಬಳ್ಳಾಪುರ, ಗೌರಿಬಿದನೂರುಗಳ ಮಾರ್ಗವಾಗಿ ಹೊರಟರೆ ಹಿಂದೂಪುರ ಬರುತ್ತದೆ. ಆದ್ದರಿಂದ ತೆಲುಗು ಇಲ್ಲಿ ನೆರೆಮನೆಯ ನುಡಿ. ಯಶವಂತಪುರದ ಕಾರ್ಖಾನೆಗಳೂ ರೈಲು ನಿಲ್ದಾಣವೂ ಉತ್ತರ ಕರ್ನಾಟಕದ ಅನೇಕ ಕುಟುಂಬಗಳನ್ನು ಬರಮಾಡಿಕೊಂಡಿವೆ. ಹೆಬ್ಬಾಳ, ಆರ್.ಟಿ. ನಗರಗಳ ಬೀದಿಗಳಲ್ಲಿ ಉರ್ದು, ತಮಿಳುಗಳು ಕನ್ನಡದ ಜೊತೆಯಲ್ಲಿಯೇ ಕೇಳಿಬರುತ್ತವೆ.

ತೆಲುಗು ಮನೆಯ ಮಗು ಕನ್ನಡದಲ್ಲಿ ‘ಅಮ್ಮ ಬಂತು’ ಎಂದರೆ ತರಗತಿ ನಗುತ್ತದೆ. ಅಧ್ಯಾಪಕರ ಕೆಂಪು ಶಾಯಿ ಗೆರೆ ಎಳೆಯುತ್ತದೆ. ಆದರೆ ಆ ತಪ್ಪಿನ ಹಿಂದೆ ಒಂದು ವ್ಯಾಕರಣವೇ ಇದೆ. ತೆಲುಗಿನಲ್ಲಿ ‘ಆಮೆ ವಚ್ಚಿಂದಿ’ ಎಂದರೂ ‘ಅದಿ ವಚ್ಚಿಂದಿ’ ಎಂದರೂ ಕ್ರಿಯಾಪದ ಒಂದೇ. ಏಕವಚನದಲ್ಲಿ ಸ್ತ್ರೀಲಿಂಗಕ್ಕೂ ನಪುಂಸಕಲಿಂಗಕ್ಕೂ ಬೇರೆ ಬೇರೆ ರೂಪಗಳಿಲ್ಲ. ಕನ್ನಡವು ಬಂದನು, ಬಂದಳು, ಬಂದಿತು ಎಂದು ಮೂರನ್ನೂ ಬೇರ್ಪಡಿಸುತ್ತದೆ. ಉರ್ದು ಮನೆಯ ಮಗುವಿನ ಕಷ್ಟ ಇನ್ನೊಂದು ಬಗೆಯದು. ಆ ಭಾಷೆಯಲ್ಲಿ ಹುಡುಗನು ‘ಮೈಂ ಜಾತಾ ಹೂಂ’ ಎಂದೂ ಹುಡುಗಿಯು ‘ಮೈಂ ಜಾತೀ ಹೂಂ’ ಎಂದೂ ಹೇಳಬೇಕು. ಕನ್ನಡದಲ್ಲಿಯೋ ‘ನಾನು ಹೋಗುತ್ತೇನೆ’ ಎಂಬುದು ಇಬ್ಬರಿಗೂ ಸಮಾನ. ಹೀಗೆ ಮಗುವು ಮಾಡುವ ತಪ್ಪು ಬಹುಮಟ್ಟಿಗೆ ಅಜ್ಞಾನದ ಫಲವಲ್ಲ, ಇನ್ನೊಂದು ಜ್ಞಾನದ ನೆರಳು. ಈ ವಿವೇಕ ಉಂಟಾಗಬೇಕಾದರೆ ಅಧ್ಯಾಪಕರು ಆಗಾಗ ಕನ್ನಡವನ್ನು ದೂರದ ಭಾಷೆಯೊಂದರ ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು.

2. ಮೂರು ಭಾಷೆಗಳ ಹಿನ್ನೆಲೆ

ಕನ್ನಡದ ಕ್ರಿಯಾಪದಕ್ಕೆ ಶಾಸ್ತ್ರದ ಸ್ಥಾನವನ್ನು ಗಟ್ಟಿಯಾಗಿ ಕಲ್ಪಿಸಿದವನು ಕೇಶಿರಾಜ. ಸುಮಾರು 1260ರಲ್ಲಿ ರಚಿತವಾದ ‘ಶಬ್ದಮಣಿದರ್ಪಣ’ದ ಎಂಟು ಪ್ರಕರಣಗಳಲ್ಲಿ ಆಖ್ಯಾತಕ್ಕೆ ಒಂದು, ಧಾತುಗಳಿಗೆ ಒಂದು ಮೀಸಲಾಗಿವೆ. ಸ್ಪ್ಯಾನಿಷ್ ಭಾಷೆಗೆ ಆಂತೋನಿಯೊ ದೆ ನೆಬ್ರಿಹಾ ಬರೆದ ವ್ಯಾಕರಣ 1492ರಲ್ಲಿ ಪ್ರಕಟವಾಯಿತು. ಯುರೋಪಿನ ಆಧುನಿಕ ದೇಶಭಾಷೆಯೊಂದಕ್ಕೆ ಅಚ್ಚಾದ ಮೊದಲ ವ್ಯಾಕರಣವೆಂದು ಅದು ಪ್ರಸಿದ್ಧವಾಗಿದೆ. ಕೇಶಿರಾಜನ ಕೃತಿ ಅದಕ್ಕಿಂತ ಎರಡು ಶತಮಾನಗಳಿಗೂ ಹಿಂದಿನದೆಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಸುವುದು ಹೆಮ್ಮೆಗಾಗಿ ಮಾತ್ರವಲ್ಲ, ಕಾಲದ ಅಳತೆಗಾಗಿಯೂ ಅಗತ್ಯ.

ಈಡೊ ಭಾಷೆಯ ಕತೆ ಬೇರೆ. ವಾರ್ಸಾದ ಕಣ್ಣಿನ ವೈದ್ಯ ಝಾಮೆನ್‌ಹೋಫ್ 1887ರಲ್ಲಿ ಎಸ್ಪೆರಾಂಟೊ ಎಂಬ ಭಾಷೆಯನ್ನು ಲೋಕದ ಮುಂದಿಟ್ಟನು. ಅದನ್ನು ತಿದ್ದಬೇಕೆಂಬ ಯೋಜನೆ 1907ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ವಿದ್ವಾಂಸರ ಸಮಿತಿಯ ಮುಂದೆ ಬಂದಿತು. ಫ್ರಾನ್ಸಿನ ತರ್ಕಶಾಸ್ತ್ರಜ್ಞ ಲೂಯಿ ಕುತೂರಾ, ಡೆನ್ಮಾರ್ಕಿನ ಭಾಷಾವಿಜ್ಞಾನಿ ಒಟ್ಟೊ ಯೆಸ್ಪರ್ಸನ್ ಮುಂತಾದವರು ಅದರಲ್ಲಿ ತೊಡಗಿದ್ದರು. ಆ ಪರಿಷ್ಕಾರದಿಂದ ಹುಟ್ಟಿದ್ದೇ ಈಡೊ. ಎಸ್ಪೆರಾಂಟೊದಲ್ಲಿ ಆ ಶಬ್ದಕ್ಕೆ ‘ಸಂತತಿ’ ಎಂದರ್ಥ. ಎಲ್ಲ ದೇಶದವರೂ ಸುಲಭವಾಗಿ ಕಲಿಯಬೇಕೆಂಬ ಉದ್ದೇಶದಿಂದ ಅದರ ಕ್ರಿಯಾಪದಗಳಲ್ಲಿ ಒಂದು ಅಪವಾದವೂ ಉಳಿಯದಂತೆ ನೋಡಿಕೊಳ್ಳಲಾಯಿತು.

3. ‘ಹಾಡು’ ಧಾತುವಿನ ರೂಪಾವಳಿ

ಹಾಡು ಎಂಬರ್ಥದ ಧಾತು ಸ್ಪ್ಯಾನಿಷ್‌ನಲ್ಲಿ ‘ಕಾಂತಾರ್’. ಈಡೊದಲ್ಲಿಯೂ ಅದು ‘ಕಾಂತಾರ್’ ಎಂದೇ ಇದೆ. ಆದರೆ ವರ್ತಮಾನ ಕಾಲದಲ್ಲಿ ಮೂರು ಭಾಷೆಗಳ ದಾರಿಗಳು ಬೇರೆಯಾಗುತ್ತವೆ:

ನಾನು: ಹಾಡುತ್ತೇನೆ, ಸ್ಪ್ಯಾನಿಷ್ ಕಾಂತೊ, ಈಡೊ ಮೆ ಕಾಂತಾಸ್.
ನೀನು: ಹಾಡುತ್ತೀಯೆ, ಕಾಂತಾಸ್, ತು ಕಾಂತಾಸ್.
ಅವನು: ಹಾಡುತ್ತಾನೆ, ಕಾಂತಾ, ಇಲ್ ಕಾಂತಾಸ್.
ಅವಳು: ಹಾಡುತ್ತಾಳೆ; ಕಾಂತಾ; ಎಲ್ ಕಾಂತಾಸ್.
ನಾವು: ಹಾಡುತ್ತೇವೆ, ಕಾಂತಾಮೊಸ್, ನಿ ಕಾಂತಾಸ್.
ನೀವು: ಹಾಡುತ್ತೀರಿ, ಕಾಂತಾಯಿಸ್, ವಿ ಕಾಂತಾಸ್.
ಅವರು: ಹಾಡುತ್ತಾರೆ, ಕಾಂತಾನ್, ಲಿ ಕಾಂತಾಸ್.

ಈ ಪಟ್ಟಿಯನ್ನು ಹಲಗೆಯ ಮೇಲೆ ಬರೆದ ಕೂಡಲೇ ಕೆಲವು ಸಂಗತಿಗಳು ಎದ್ದು ಕಾಣುತ್ತವೆ. ಕನ್ನಡದಲ್ಲಿಯೂ ಸ್ಪ್ಯಾನಿಷ್‌ನಲ್ಲಿಯೂ ಸರ್ವನಾಮವನ್ನು ಬಿಟ್ಟರೂ ಕರ್ತೃ ಯಾರೆಂಬುದು ತಿಳಿಯುತ್ತದೆ. ‘ಹಾಡುತ್ತೇನೆ’ ಎಂದರೆ ಸಾಕು. ‘ಕಾಂತೊ’ ಎಂದರೂ ಸಾಕು. ಈಡೊದಲ್ಲಿ ಎಲ್ಲರಿಗೂ ‘ಕಾಂತಾಸ್’ ಒಂದೇ ಆದುದರಿಂದ ಸರ್ವನಾಮವನ್ನು ಬಿಡುವಂತಿಲ್ಲ. ಅಂತ್ಯದಲ್ಲಿ ಕಳೆದುಕೊಂಡದ್ದನ್ನು ಅದು ಆರಂಭದಲ್ಲಿ ತೆರಬೇಕಾಗುತ್ತದೆ. ಭೂತಕಾಲಕ್ಕೆ ‘ಕಾಂತಿಸ್’, ಭವಿಷ್ಯತ್ತಿಗೆ ‘ಕಾಂತೊಸ್’, ‘ಹಾಡುತ್ತಿದ್ದೆನು, ಆದರೆ’ ಎಂಬಂಥ ಷರತ್ತಿನ ಅರ್ಥಕ್ಕೆ ‘ಕಾಂತುಸ್’, ವಿಧ್ಯರ್ಥಕ್ಕೆ ‘ಕಾಂತೆಜ್’. ಈಡೊದ ಕ್ರಿಯಾರೂಪಗಳನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಸ್ಪ್ಯಾನಿಷ್‌ನ ಒಂದು ಧಾತುವಿಗೆ ಸರಳ ರೂಪಗಳೇ ನಲವತ್ತಕ್ಕೂ ಹೆಚ್ಚು.

ಅಂತ್ಯಪ್ರತ್ಯಯಗಳ ಜೋಡಣೆಯಲ್ಲಿಯೂ ಸಾಮ್ಯವಿದೆ. ‘ನಾವು ಹಾಡುತ್ತಿದ್ದೆವು’ ಎಂಬರ್ಥದ ‘ಕಾಂತಾಬಾಮೊಸ್’ ಎಂಬಲ್ಲಿ ಮೊದಲು ಧಾತು, ಅನಂತರ ಕಾಲಸೂಚಕವಾದ ‘ಬಾ’, ಕೊನೆಗೆ ಪುರುಷವಚನಗಳನ್ನು ಸೂಚಿಸುವ ‘ಮೊಸ್’. ‘ಹಾಡುತ್ತಿದ್ದೆವು’ ಎಂಬುದನ್ನು ಬಿಡಿಸಿದರೆ ಅಲ್ಲಿಯೂ ಧಾತು, ಕಾಲ, ಪುರುಷ ಎಂಬ ಇದೇ ಕ್ರಮ. ಕನ್ನಡವು ದ್ರಾವಿಡ ವರ್ಗದ್ದು. ಸ್ಪ್ಯಾನಿಷ್ ಲ್ಯಾಟಿನ್ನಿನ ಸಂತತಿ. ಇವೆರಡಕ್ಕೂ ರಕ್ತಸಂಬಂಧವಿಲ್ಲ. ಆದರೂ ಮನುಷ್ಯನ ಬುದ್ಧಿ ಎರಡು ಖಂಡಗಳಲ್ಲಿ ಒಂದೇ ಬಗೆಯ ಮನೆಯನ್ನು ಕಟ್ಟಿದೆ.

4. ಇರುವುದು ಮತ್ತು ಆಗುವುದು

ಸ್ಪ್ಯಾನಿಷ್ ಕಲಿಯುವವರಿಗೆ ಎದುರಾಗುವ ಮೊದಲ ಬೆಟ್ಟವೆಂದರೆ ‘ಸೆರ್’ ಮತ್ತು ‘ಎಸ್ತಾರ್’ ಎಂಬ ಎರಡು ಧಾತುಗಳು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಕ್ರಿಯಾಪದವಿರುವುದರಿಂದ, ಆ ಭಾಷೆಯ ಮೂಲಕ ಕಲಿಯುವವರಿಗೆ ‘ಶಾಶ್ವತವಾದುದಕ್ಕೆ ಸೆರ್, ತಾತ್ಕಾಲಿಕವಾದುದಕ್ಕೆ ಎಸ್ತಾರ್’ ಎಂಬ ಸೂತ್ರವನ್ನು ಹೇಳಿಕೊಡುವ ರೂಢಿಯುಂಟು. ಈ ಸೂತ್ರ ಬೇಗನೆ ಮುರಿಯುತ್ತದೆ. ಮ್ಯಾಡ್ರಿಡ್ ನಗರವು ಸ್ಪೇನಿನಲ್ಲಿರುವುದು ತಾತ್ಕಾಲಿಕವಲ್ಲ. ಆದರೂ ಅಲ್ಲಿ ಎಸ್ತಾರ್ ಬರುತ್ತದೆ. ಸಾವು ತಾತ್ಕಾಲಿಕವಲ್ಲ, ಆದರೂ ‘ಎಸ್ತಾ ಮ್ವೆರ್ತೊ’ ಎಂದೇ ಹೇಳಬೇಕು.

ಕನ್ನಡದ ವಿದ್ಯಾರ್ಥಿಗೆ ಈ ಬೆಟ್ಟ ದಿಬ್ಬದಷ್ಟೇ ಎತ್ತರ. ‘ಅವನು ವೈದ್ಯ’ ಎಂಬ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ. ಸ್ಪ್ಯಾನಿಷ್‌ನಲ್ಲಿ ಅಲ್ಲಿ ಸೆರ್ ಬರುತ್ತದೆ. ‘ಅವನು ಮನೆಯಲ್ಲಿದ್ದಾನೆ’ ಎಂಬಲ್ಲಿ ‘ಇರು’ ಧಾತುವಿದೆ. ಸ್ಪ್ಯಾನಿಷ್‌ನಲ್ಲಿ ಅಲ್ಲಿ ಎಸ್ತಾರ್. ‘ಎಸ್ ಲಿಸ್ತೊ’ ಎಂದರೆ ‘ಅವನು ಜಾಣ’; ‘ಎಸ್ತಾ ಲಿಸ್ತೊ’ ಎಂದರೆ ‘ಅವನು ಸಿದ್ಧನಾಗಿದ್ದಾನೆ’. ಮ್ಯಾಡ್ರಿಡ್ ಸ್ಪೇನಿನಲ್ಲಿದೆ, ಅವನು ಸತ್ತಿದ್ದಾನೆ ಎಂಬ ವಾಕ್ಯಗಳಲ್ಲಿಯೂ ಕನ್ನಡವು ‘ಇರು’ ಧಾತುವನ್ನೇ ಬಳಸುತ್ತದೆ. ‘ಹಾಡುತ್ತ ಇದ್ದಾನೆ’ ಎಂಬುದು ಸ್ಪ್ಯಾನಿಷ್‌ನಲ್ಲಿ ‘ಎಸ್ತಾ ಕಾಂತಾಂದೊ’. ಇಲ್ಲಿ ಎರಡು ಭಾಷೆಗಳೂ ಅಂಶ ಅಂಶವಾಗಿ ಹೊಂದುತ್ತವೆ. ಈ ಹೊಂದಾಣಿಕೆ ಸರ್ವತ್ರ ನಡೆಯದು. ಸಭೆ, ಉತ್ಸವಗಳು ನಡೆಯುವ ಸ್ಥಳವನ್ನು ಹೇಳುವಾಗ ಸ್ಪ್ಯಾನಿಷ್ ಸೆರ್ ಧಾತುವನ್ನು ಬಳಸುತ್ತದೆ. ಕನ್ನಡದಲ್ಲಿ ‘ಸಭೆ ಶಾಲೆಯಲ್ಲಿದೆ’ ಎನ್ನಲು ಅಡ್ಡಿಯಿಲ್ಲ. ಆದರೆ ಆರಂಭದ ಹೆಜ್ಜೆಗಳಿಗೆ ಕನ್ನಡದ ದಾರಿಯೇ ಸಮೀಪದ್ದು. ಈಡೊದಲ್ಲಿ ಎಲ್ಲಕ್ಕೂ ‘ಎಸಾರ್’ ಎಂಬ ಒಂದೇ ಧಾತು.

ಅರ್ಥಭೇದದ ಇನ್ನೊಂದು ಉದಾಹರಣೆ ಇನ್ನೂ ಸ್ವಾರಸ್ಯಕರವಾಗಿದೆ. ತಿಳಿ ಎಂಬರ್ಥದ ‘ಸಬೇರ್’ ಧಾತುವಿಗೆ ಸ್ಪ್ಯಾನಿಷ್‌ನಲ್ಲಿ ಎರಡು ಭೂತರೂಪಗಳಿವೆ. ‘ಸಬೀಯಾ’ ಎಂಬುದು ಹಿಂದೆ ನಡೆಯುತ್ತಿದ್ದ ಸ್ಥಿತಿಯನ್ನೂ, ‘ಸೂಪೆ’ ಎಂಬುದು ಒಂದು ಗಳಿಗೆಯಲ್ಲಿ ಮುಗಿದ ಘಟನೆಯನ್ನೂ ತೋರುತ್ತದೆ. ಕನ್ನಡದಲ್ಲಿ ಹೇಳುವುದಾದರೆ ಮೊದಲನೆಯದು ‘ನನಗೆ ಗೊತ್ತಿತ್ತು’, ಎರಡನೆಯದು ‘ನನಗೆ ಗೊತ್ತಾಯಿತು’. ವ್ಯಕ್ತಿಗಳನ್ನು ಕುರಿತ ‘ಕೊನೊಸೇರ್’ ಧಾತುವಿನಲ್ಲಿಯೂ ಇದೇ ಭೇದ: ‘ಕೊನೊಸೀಯಾ’ ಎಂದರೆ ಪರಿಚಯವಿತ್ತು, ‘ಕೊನೊಸೀ’ ಎಂದರೆ ಪರಿಚಯವಾಯಿತು. ಸ್ಪ್ಯಾನಿಷ್ ಕಾಲರೂಪವನ್ನು ಬದಲಿಸಿ ಸಾಧಿಸುವ ಅರ್ಥವನ್ನು ಕನ್ನಡವು ‘ಇರು’ ಮತ್ತು ‘ಆಗು’ ಎಂಬ ಎರಡು ಧಾತುಗಳಿಂದ ಸಾಧಿಸುತ್ತದೆ. ಈಡೊ ಕೂಡ ಅರಿವಿಗೂ ಪರಿಚಯಕ್ಕೂ ‘ಸಾವಾರ್’, ‘ಕೊನೊತ್ಸಾರ್’ ಎಂಬ ಬೇರೆ ಬೇರೆ ಧಾತುಗಳನ್ನು ಉಳಿಸಿಕೊಂಡಿದೆ. ರೂಪಗಳನ್ನು ಕತ್ತರಿಸಿದವರೂ ಅರ್ಥಗಳನ್ನು ಕತ್ತರಿಸಲು ಹಿಂಜರಿದರೆಂಬುದು ಗಮನಾರ್ಹ.

5. ‘ನನಗೆ ಹಿಡಿಸುತ್ತದೆ’

‘ನನಗೆ ಈ ಹಾಡು ಹಿಡಿಸುತ್ತದೆ’ ಎಂಬ ಕನ್ನಡ ವಾಕ್ಯದಲ್ಲಿ ಅನುಭವಿಸುವವನು ಚತುರ್ಥಿ ವಿಭಕ್ತಿಯಲ್ಲಿ ನಿಂತಿದ್ದಾನೆ; ಕ್ರಿಯಾಪದವು ಹಾಡನ್ನು ಅನುಸರಿಸುತ್ತದೆ. ಹಾಡುಗಳು ಹಲವಾದರೆ ‘ಹಿಡಿಸುತ್ತವೆ’ ಎಂದಾಗುತ್ತದೆ. ಸ್ಪ್ಯಾನಿಷ್‌ನಲ್ಲಿಯೂ ‘ಮೆ ಗುಸ್ತಾ ಲಾ ಕಾನ್ಸಿಯೋನ್’ ಎಂದರೆ ಒಂದು ಹಾಡು ಹಿಡಿಸುತ್ತದೆ. ‘ಮೆ ಗುಸ್ತಾನ್ ಲಾಸ್ ಕಾನ್ಸಿಯೋನೆಸ್’ ಎಂದರೆ ಹಾಡುಗಳು ಹಿಡಿಸುತ್ತವೆ. ‘ನನಗೆ ತಲೆ ನೋಯುತ್ತದೆ’ ಎಂಬುದೂ ಅಲ್ಲಿ ಇದೇ ಅಚ್ಚಿನಲ್ಲಿ ಬರುತ್ತದೆ. ಆದರೆ ಹಸಿವಿನ ಮಾತಿನಲ್ಲಿ ದಾರಿಗಳು ಬೇರೆಯಾಗುತ್ತವೆ. ಕನ್ನಡಿಗನಿಗೆ ಹಸಿವು ಆಗುತ್ತದೆ. ಸ್ಪೇನಿನವನು ‘ತೆಂಗೊ ಆಂಬ್ರೆ’, ಎಂದರೆ ತಾನು ಹಸಿವನ್ನು ಹೊಂದಿದ್ದೇನೆ ಎನ್ನುತ್ತಾನೆ. ‘ಹೊಂದಿದ್ದೇನೆ’ ಎಂಬರ್ಥದ ‘ತೆನೇರ್’ ಅಲ್ಲಿ ನಿತ್ಯದ ಕ್ರಿಯಾಪದ. ಕನ್ನಡವು ಅಂಥ ಕಡೆಗಳಲ್ಲಿ ‘ನನಗೆ ಇಬ್ಬರು ಮಕ್ಕಳಿದ್ದಾರೆ’, ‘ನನ್ನ ಬಳಿ ಪುಸ್ತಕವಿದೆ’ ಎಂದು ಮತ್ತೆ ‘ಇರು’ ಧಾತುವಿಗೇ ಶರಣಾಗುತ್ತದೆ.

6. ಪುರುಷ, ಲಿಂಗ ಮತ್ತು ನಿಷೇಧ

ಈಡೊದಲ್ಲಿ ಕ್ರಿಯಾಪದಕ್ಕೆ ಪುರುಷಭೇದವಿಲ್ಲವೆಂದು ಕನ್ನಡಿಗರು ಅಚ್ಚರಿಪಡಬೇಕಾಗಿಲ್ಲ. ಹೊಸಗನ್ನಡದ ನಿಷೇಧವಾಕ್ಯವೂ ಹಾಗೆಯೇ ಇದೆ. ನಾನು ಹಾಡುವುದಿಲ್ಲ, ನೀನು ಹಾಡುವುದಿಲ್ಲ, ಅವರು ಹಾಡುವುದಿಲ್ಲ. ಹಾಡುವುದಿಲ್ಲ, ಹಾಡಲಿಲ್ಲ, ಹಾಡಿಲ್ಲ ಎಂದು ಕಾಲಭೇದವುಂಟು. ಪುರುಷಭೇದ ಮಾತ್ರ ಮಾಯವಾಗಿದೆ. ಹಿಂದಿನ ನಿಷೇಧರೂಪದ ಸ್ಥಿತಿ ಇದಕ್ಕೆ ತೀರ ವಿರುದ್ಧ. ಹಾಡೆನು, ಹಾಡನು, ಹಾಡಳು, ಹಾಡರು ಎಂಬಲ್ಲಿ ಪುರುಷಲಿಂಗವಚನಗಳೆಲ್ಲ ಸ್ಪಷ್ಟ. ಕಾಲ ಮಾತ್ರ ಇಲ್ಲ. ‘ಹಾಡನು’ ಎಂದರೆ ಎಂದೂ ಹಾಡನು. ವಚನಗಳಲ್ಲಿಯೂ ನಡುಗನ್ನಡ ಕಾವ್ಯಗಳಲ್ಲಿಯೂ ಈ ರೂಪ ಹೇರಳವಾಗಿದೆ. ಅದರ ಬಲವನ್ನು ಅರಿಯದ ವಿದ್ಯಾರ್ಥಿಯು ‘ಅರಿಯನು’ ಎಂಬುದನ್ನು ‘ಅರಿಯುವುದಿಲ್ಲ’ ಎಂದು ಮಾತ್ರ ಓದಿಕೊಂಡು ಮುಂದೆ ಸಾಗುತ್ತಾನೆ. ಆ ಮಾತಿನ ಕಾಲಾತೀತವಾದ ಗಾಂಭೀರ್ಯ ಅವನಿಗೆ ದಕ್ಕುವುದಿಲ್ಲ.

ಸಂಭಾವನಾರ್ಥದ ಸ್ಥಿತಿಯೂ ಕಳವಳಕಾರಿಯೇ. ‘ಬಂದಾನು’, ‘ಹಾಡಿಯಾಳು’ ಎಂಬ ರೂಪಗಳಲ್ಲಿ ಸಂದೇಹವೂ ಇದೆ, ಕರ್ತೃವೂ ಇದ್ದಾನೆ. ಸ್ಪ್ಯಾನಿಷ್ ಕೂಡ ಸಂದೇಹಕ್ಕೆ ಪ್ರತ್ಯೇಕ ರೂಪವನ್ನು ಇಟ್ಟುಕೊಂಡಿದೆ: ‘ಕಾಂತಾ’ ಎಂದರೆ ಹಾಡುತ್ತಾಳೆ, ‘ಕಾಂತೆ’ ಎಂಬುದು ಸಂದರ್ಭಕ್ಕೆ ತಕ್ಕಂತೆ ಹಾಡಿಯಾಳು ಅಥವಾ ಹಾಡಲಿ. ನಗರದ ಆಡುಮಾತಿನಲ್ಲಿ ಈ ಕನ್ನಡ ರೂಪಗಳ ಸ್ಥಾನವನ್ನು ‘ಬರಬಹುದು’, ‘ಹಾಡಬಹುದು’ ಎಂಬ ಪುರುಷರಹಿತ ರೂಪಗಳು ಆಕ್ರಮಿಸುತ್ತಿವೆ. ಸಮಿತಿಯೊಂದು ಕುಳಿತು ಈಡೊದಲ್ಲಿ ಮಾಡಿದ ಕೆಲಸವನ್ನು ಕನ್ನಡದಲ್ಲಿ ಮರೆವೇ ಮಾಡುತ್ತಿದೆ.

ಲಿಂಗದ ವಿಷಯದಲ್ಲಿ ಕನ್ನಡವು ಸ್ಪ್ಯಾನಿಷ್‌ಗಿಂತ ಹೆಚ್ಚು ನಿಖರ. ‘ಬೀನೊ’ ಎಂಬ ಒಂದು ಸ್ಪ್ಯಾನಿಷ್ ಪದ ಬಂದನು, ಬಂದಳು, ಬಂದಿತು ಎಂಬ ಮೂರಕ್ಕೂ ಸಲ್ಲುತ್ತದೆ. ಗೌರವಾರ್ಥದ ‘ಉಸ್ತೆದ್’ ಸರ್ವನಾಮದೊಂದಿಗೆ ‘ತಾವು ಬಂದಿರಿ’ ಎಂಬರ್ಥವನ್ನೂ ಕೊಡುತ್ತದೆ. ಹಿರಿಯರೊಡನೆ ಪ್ರಥಮಪುರುಷದ ಕ್ರಿಯಾಪದದಿಂದ ಮಾತನಾಡುವುದು ಅಲ್ಲಿಯ ಮರ್ಯಾದೆ. ಬಹುವಚನದಿಂದ ಮಾತನಾಡುವುದು ಇಲ್ಲಿಯ ಮರ್ಯಾದೆ.

7. ಹೆದ್ದಾರಿಯ ಒಂದು ನಿದರ್ಶನ

ಇದೆಲ್ಲವೂ ಪಂಡಿತರ ವಿನೋದವಷ್ಟೇ ಎಂದು ಭಾವಿಸಬೇಕಾಗಿಲ್ಲ. ಹೆಬ್ಬಾಳದಿಂದ ಯಲಹಂಕ, ದೇವನಹಳ್ಳಿ, ಬಾಗೇಪಲ್ಲಿಗಳ ಮೂಲಕ ಸಾಗುವ ಹೆದ್ದಾರಿ ಇನ್ನೂರು ಕಿಲೋಮೀಟರುಗಳಿಗೆ ತುಸು ಹೆಚ್ಚಿನ ದೂರದಲ್ಲಿ ಅನಂತಪುರವನ್ನು ಮುಟ್ಟುತ್ತದೆ. 1920ರಲ್ಲಿ ಬಾರ್ಸಿಲೋನಾದಲ್ಲಿ ಹುಟ್ಟಿ 1952ರಲ್ಲಿ ಭಾರತಕ್ಕೆ ಬಂದ ವಿಸೆಂಟೆ ಫೆರೇರ್ ಅವರು 1969ರಲ್ಲಿ ಆ ಬರಗಾಲದ ಸೀಮೆಯಲ್ಲಿ ನೆಲೆಸಿ, ಶಾಲೆ, ಆಸ್ಪತ್ರೆ, ನೀರು, ಮನೆಗಳ ಕೆಲಸದಲ್ಲಿ ಬಾಳನ್ನು ಸವೆಸಿ 2009ರಲ್ಲಿ ತೀರಿಕೊಂಡರು. ಅವರು ಸ್ಥಾಪಿಸಿದ ಸಂಸ್ಥೆಗೆ ಸ್ಪೇನಿನ ಸಾವಿರಾರು ಕುಟುಂಬಗಳು ಮಕ್ಕಳ ಪೋಷಕತ್ವವನ್ನು ವಹಿಸಿ ನೆರವು ನೀಡುತ್ತ ಬಂದಿವೆ. ಮಕ್ಕಳ ಪತ್ರಗಳು ಅನುವಾದಗೊಂಡು ಅಲ್ಲಿಗೆ ತಲುಪುತ್ತವೆ. ಆ ಸೀಮೆಯ ಮಡಕಶಿರಾ, ರಾಯದುರ್ಗಗಳ ಕಡೆ ಕನ್ನಡವನ್ನಾಡುವ ಮನೆಗಳೂ ಇವೆ.

ಅಂಥ ಮಗುವೊಂದು ಹಬ್ಬದ ಸುದ್ದಿಯನ್ನು ಬರೆಯುತ್ತ ‘ಊರಿಂದ ಬಂದಳು, ಎಲ್ಲರಿಗೂ ತಿಂಡಿ ಮಾಡಿಕೊಟ್ಟಳು’ ಎಂದರೆ, ಅದು ಅಕ್ಕನೋ ಅತ್ತೆಯೋ ಆಗಿರಬೇಕೆಂಬುದು ಕ್ರಿಯಾಪದದ ‘ಅಳು’ ಎಂಬ ಅಂತ್ಯದಿಂದಲೇ ತಿಳಿಯುತ್ತದೆ. ‘ಬೀನೊ’ ಎಂದು ಭಾಷಾಂತರಿಸಿದ ಕೂಡಲೇ ಆ ಹೆಂಗಸು ವಾಕ್ಯದಿಂದ ಮರೆಯಾಗುತ್ತಾಳೆ. ಅವಳನ್ನು ಉಳಿಸಬೇಕಾದರೆ ಅನುವಾದಕನು ‘ಎಯ್ಯಾ’ ಎಂಬ ಸ್ತ್ರೀಲಿಂಗ ಸರ್ವನಾಮವನ್ನು ಸೇರಿಸಬೇಕು. ಸಾವಿರಾರು ಮೈಲಿಗಳಾಚೆ ಕುಳಿತು ಮಗುವಿನ ಸಂಸಾರವನ್ನು ಊಹಿಸಿಕೊಳ್ಳುವ ದಾನಿಗೆ ಈ ಒಂದು ಪದ ಸಣ್ಣದಲ್ಲ. ಕೊನೆಯಕ್ಷರವನ್ನು ಲಕ್ಷಿಸುವ ಅಭ್ಯಾಸ ಶಾಲೆಯಲ್ಲಿ ಬೆಳೆಯದಿದ್ದರೆ ಅದು ಮುಂದೆ ಎಲ್ಲಿಯೂ ಸುಲಭವಾಗಿ ಬೆಳೆಯುವುದಿಲ್ಲ.

8. ಅಪವಾದಗಳ ಅರ್ಥ

ಕನ್ನಡದ ಬರು, ಕೊಡು, ನಗು, ಏಳು, ಸೋಲು ಎಂಬ ಧಾತುಗಳು ಭೂತಕಾಲದಲ್ಲಿ ಬಂದ, ಕೊಟ್ಟ, ನಕ್ಕ, ಎದ್ದ, ಸೋತ ಎಂದಾಗುತ್ತವೆ. ಸ್ಪ್ಯಾನಿಷ್‌ನಲ್ಲಿ ‘ಹೋದನು’ ಎಂಬುದಕ್ಕೂ ‘ಆಗಿದ್ದನು’ ಎಂಬುದಕ್ಕೂ ‘ಫ್ವೆ’ ಎಂಬ ಒಂದೇ ರೂಪ. ಅತ್ಯಂತ ಹೆಚ್ಚಾಗಿ ಬಳಕೆಯಾಗುವ ಧಾತುಗಳಲ್ಲಿಯೇ ಇಂಥ ಅಪವಾದಗಳು ಅಧಿಕ. ನಿತ್ಯವೂ ನಾಲಗೆಯ ಮೇಲಿರುವುದರಿಂದ ಅವು ನಿಯಮದ ಹಂಗಿಲ್ಲದೆ ನೆನಪಿನಲ್ಲಿಯೇ ಬಾಳುತ್ತವೆ. ಅಪರೂಪದ ಧಾತುಗಳು ನಿಯಮಕ್ಕೆ ಶರಣಾಗುತ್ತವೆ. ಸ್ಪೇನಿನ ಎಳೆಯ ಮಕ್ಕಳು ‘ನನಗೆ ಗೊತ್ತು’ ಎಂಬರ್ಥದ ‘ಸೆ’ ಎಂಬುದಕ್ಕೆ ಬದಲಾಗಿ ‘ಸಾಬೊ’ ಎನ್ನುವುದು ಪ್ರಸಿದ್ಧ. ಆ ಮಗು ನಿಯಮವನ್ನು ತಾನೇ ಕಂಡುಕೊಂಡಿದೆ. ಅಪವಾದವನ್ನು ಇನ್ನೂ ಕಲಿಯಬೇಕಾಗಿದೆ. ‘ಅಮ್ಮ ಬಂತು’ ಎನ್ನುವ ಮಗುವೂ ಹಾಗೆಯೇ ಒಂದು ನಿಯಮದ ಕೈ ಹಿಡಿದು ನಡೆಯುತ್ತಿದೆ.

ಅಪವಾದಗಳೇ ಇಲ್ಲದ ಈಡೊದ ಗತಿ ಏನಾಯಿತು? 1914ರ ಆಗಸ್ಟ್ 3ರಂದು ಜರ್ಮನಿಯು ಫ್ರಾನ್ಸಿನ ಮೇಲೆ ಯುದ್ಧ ಸಾರಿತು. ಅದೇ ದಿನ ಲೂಯಿ ಕುತೂರಾ ಕುಳಿತಿದ್ದ ಕಾರಿಗೆ, ಸೈನ್ಯವನ್ನು ಸಜ್ಜುಗೊಳಿಸುವ ಆಜ್ಞೆಗಳನ್ನು ಹೊತ್ತು ಸಾಗುತ್ತಿದ್ದ ಕಾರೊಂದು ಢಿಕ್ಕಿ ಹೊಡೆಯಿತು. ಜನಾಂಗಗಳನ್ನು ಒಂದು ನುಡಿಯಿಂದ ಬೆಸೆಯಬೇಕೆಂದಿದ್ದ ಆ ಶಾಂತಿಪ್ರಿಯ ವಿದ್ವಾಂಸ ಅಲ್ಲಿ ಮಡಿದನು. ಯೆಸ್ಪರ್ಸನ್ 1928ರಲ್ಲಿ ನೋವಿಯಲ್ ಎಂಬ ಮತ್ತೊಂದು ಭಾಷೆಯನ್ನು ಸೂಚಿಸಿದನು. ಈಡೊ ಅಳಿದುಹೋಗಿಲ್ಲ, ಆದರೆ ಅದನ್ನು ಬಲ್ಲವರ ಸಂಖ್ಯೆ ಇಂದು ಬಹಳ ಚಿಕ್ಕದು. ಕಲಿಯಲು ಸುಲಭವೆಂಬ ಕಾರಣದಿಂದಲೇ ಭಾಷೆಯೊಂದು ಬಾಳುವುದಿಲ್ಲ. ಅದರಲ್ಲಿ ಮಕ್ಕಳು ಅತ್ತು ನಕ್ಕು ಬೆಳೆಯಬೇಕು. ಹಿರಿಯರು ಅದರಲ್ಲಿ ಗದರಿಸಬೇ‌ಕು, ಹರಸಬೇಕು.

ಉಪಸಂಹಾರ

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಯುರೋಪಿನ ಭಾಷೆಗಳು ಇಂಗ್ಲಿಷಿನ ಬಾಗಿಲಿನಿಂದ ಮಾತ್ರ ದೊರೆಯುತ್ತವೆಂಬ ಅಳುಕು ಇಂದಿಗೂ ಇದೆ. ಮೇಲಿನ ಉದಾಹರಣೆಗಳು ಆ ಅಳುಕನ್ನು ಸ್ವಲ್ಪಮಟ್ಟಿಗಾದರೂ ನೀಗಿಸಬಲ್ಲವು. ‘ಗೊತ್ತಿತ್ತು’, ‘ಗೊತ್ತಾಯಿತು’ ಎಂಬುದರ ಭೇದವನ್ನು ಬಲ್ಲ ವಿದ್ಯಾರ್ಥಿ ಸ್ಪ್ಯಾನಿಷ್‌ನ ಒಂದು ಕಠಿಣ ಅಧ್ಯಾಯವನ್ನು ಅರಿಯದೆಯೇ ದಾಟಿದ್ದಾನೆ. ಆದರೆ ತನ್ನಲ್ಲಿ ಈ ಸಂಪತ್ತು ಇದೆಯೆಂಬುದನ್ನು ಅವನಿಗೆ ಯಾರಾದರೂ ತೋರಿಸಿಕೊಡಬೇಕು. ಆ ಹೊಣೆ ವ್ಯಾಕರಣದ ಅಧ್ಯಾಪಕರದು.

ಅದಕ್ಕೆ ವಿಶೇಷ ಸಾಧನಗಳು ಬೇಕಾಗಿಲ್ಲ. ಒಂದು ಧಾತುವನ್ನು ಹಲಗೆಯ ಮೇಲೆ ಬರೆದು, ಮಕ್ಕಳು ತಮ್ಮ ತಮ್ಮ ಮನೆಮಾತಿನಲ್ಲಿ ಅದರ ರೂಪಗಳನ್ನು ಹೇಳುವಂತೆ ಮಾಡಿದರೆ ಸಾಕು. ಬಂದನು, ಬಂದಳು, ಬಂದಿತು ಎಂಬುದರ ಪಕ್ಕದಲ್ಲಿ ವಚ್ಚಾಡು, ವಚ್ಚಿಂದಿ ಎಂಬುದೂ ನಿಲ್ಲಲಿ. ಆಗ ತೆಲುಗು ಮನೆಯ ಮಗು ತಾನು ತಪ್ಪಿದ್ದೆಲ್ಲಿ ಎಂಬುದನ್ನು ತಾನೇ ಕಂಡುಕೊಳ್ಳುತ್ತದೆ. ಕನ್ನಡದ ಮಗುವೂ ತನ್ನ ನುಡಿಯ ‘ಅಳು’ ಎಂಬ ಪುಟ್ಟ ಪ್ರತ್ಯಯವು ತಾಯಿಗೆ ಒಂದು ಪ್ರತ್ಯೇಕ ಸ್ಥಾನವನ್ನು ಕಾದಿರಿಸಿದೆಯೆಂಬುದನ್ನು ಮೊದಲ ಬಾರಿಗೆ ಗಮನಿಸುತ್ತದೆ. ಅಂದು ತರಗತಿಯಲ್ಲಿ ಯಾರೂ ನಗುವುದಿಲ್ಲ. ‘ಅಮ್ಮ ಬಂದಳು’ ಎಂದು ಎಲ್ಲರೂ ಕೂಡಿ ಹೇಳುತ್ತಾರೆ.